ತಂಗಿಯ ಇನ್ಸುಲಿನ್

ನನ್ನ ತಂಗಿಗೆ ಸಕ್ಕರೆ ಕಾಯಿಲೆ ಬಂದದ್ದು ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ. ಅಪ್ಪ ಅಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ತಂಗಿಗೆ ಆಗ ಎಂಟೊಂಬತ್ತು ವರ್ಷ, ನಾನು ಹೈಸ್ಕೂಲಿನಲ್ಲಿದ್ದೆ. ಬೇಸಿಗೆಯಾದ್ದರಿಂದ ಅವಳು ತಂಬಿಗೆಗಟ್ಟಲೆ ನೀರು ಕುಡಿಯುವುದು ಯಾರಿಗೂ ವಿಚಿತ್ರ ಅನಿಸಲಿಲ್ಲ. ವಾಡಿಯ ಬಿಸಿಲಿನಲ್ಲಿ ಎಲ್ಲರೂ ಹಾಗೇ ಕುಡಿಯುತ್ತಿದ್ದರು. ಆದರೆ ತಿಂದದ್ದೆಲ್ಲ ಎಲ್ಲಿ ಹೋಗುತ್ತಿತ್ತೋ, ಅವಳ ಲಂಗ ಸೊಂಟದ ಮೇಲೆ ನಿಲ್ಲದಂತಾಯಿತು. ಒಂದು ಬೆಳಿಗ್ಗೆ ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ಅವಳ ಉಸಿರು ಕೊಳೆತ ಹಣ್ಣಿನಂತೆ ನಾರುತ್ತಿತ್ತು.

ಅಪ್ಪ ಅವಳನ್ನು ಹೆಗಲಿಗೆ ಹಾಕಿಕೊಂಡು ಗುಲ್ಬರ್ಗಾದ ಗಾಡಿ ಹತ್ತಿದರು. ಅಲ್ಲಿಯ ಡಾಕ್ಟರು ಅವಳ ಬಾಯಿಯ ವಾಸನೆಯಿಂದಲೇ ಕಾಯಿಲೆ ಹಿಡಿದರಂತೆ. ಅವಳು ಕಣ್ಣು ಬಿಟ್ಟ ಮೇಲೆ ಅವರು ಅಪ್ಪನಿಗೆ ಹೇಳಿದ್ದನ್ನು ಅಪ್ಪ ಎಷ್ಟೋ ಸಲ ನಮ್ಮ ಮುಂದೆ ಹೇಳಿದ್ದಾರೆ.

"ಈ ಔಷಧ ಹುಡುಕೋದಕ್ಕ ಮೊದಲ ಇಂಥ ಕೂಸುಗಳು ಉಳೀತಿದ್ದಿಲ್ರಿ. ಈಗ ಸೂಜಿ ಹಾಕಿದ್ರ ಉಳೀತಾಳ."

"ಎಷ್ಟ ದಿನ ಹಾಕಬೇಕ್ರಿ?"

"ಆಕಿ ಇರೋ ತನಕ."

ಗಾಜಿನ ಸಿರಿಂಜು, ಎರಡು ಸೂಜಿ, ಇನ್ಸುಲಿನ್ನಿನ ಸಣ್ಣ ಸೀಸೆಗಳು ಮನೆಗೆ ಬಂದವು. ಅದರ ಬಗ್ಗೆ ತಿಳಿಯಬೇಕೆಂದು ನಾನು ಶಾಲೆಯ ಪುಸ್ತಕಗಳನ್ನೆಲ್ಲ ತಡಕಾಡಿದೆ. ಒಂದರಲ್ಲಿ ಸಿಕ್ಕಿತು. ಕೆನಡಾದ ಒಬ್ಬ ಡಾಕ್ಟರು ಮತ್ತು ಅವರ ಜೊತೆಗಿದ್ದ ವಿದ್ಯಾರ್ಥಿ ಒಂದು ಬೇಸಿಗೆಯಿಡೀ ನಾಯಿಗಳ ಮೇಲೆ ಪ್ರಯೋಗ ಮಾಡಿ, ಹೊಟ್ಟೆಯೊಳಗಿನ ಒಂದು ಗ್ರಂಥಿಯ ರಸದಿಂದ ಇದನ್ನು ತೆಗೆದಿದ್ದರು. ಈಗ ಕಸಾಯಿಖಾನೆಯಿಂದ ದನದ, ಹಂದಿಯ ಗ್ರಂಥಿಗಳನ್ನು ತಂದು ಮಾಡುತ್ತಾರೆ ಎಂದೂ ಬರೆದಿತ್ತು.

ಐನಾಪುರದಿಂದ ನಮ್ಮ ಆಯಿ, ಅಂದರೆ ಅವ್ವನ ತಾಯಿ, ಮೊಮ್ಮಗಳನ್ನು ನೋಡಲು ಬಂದಿದ್ದಳು. ಮೊಟ್ಟೆ ಬೇಯಿಸಿದ ಮನೆಯಲ್ಲಿ ನೀರೂ ಮುಟ್ಟದವಳು. ನಾನು ಪುಸ್ತಕ ಓದುವುದನ್ನು ನೋಡಿ, "ಆ ಸೂಜ್ಯಾಗ ಏನ್ ಹಾಕ್ತಾರವ್ವಾ?" ಎಂದು ಕೇಳಿದಳು. ನಾನು ಇದ್ದದ್ದನ್ನು ಹೇಳಿದೆ. ಒಳಗೆ ಅವ್ವ ತಂಗಿಯ ತೊಡೆಗೆ ಸೂಜಿ ಚುಚ್ಚುತ್ತಿದ್ದಳು. ಹುಡುಗಿ ಅಳುವುದು ಕೇಳುತ್ತಿತ್ತು.

"ಆಕಿಗಿ ಹೇಳಬ್ಯಾಡ," ಎಂದಳು ಆಯಿ ಕೊನೆಗೆ. "ನಿಮ್ಮವ್ವಗೂ ಹೇಳಬ್ಯಾಡ. ಕೂಸು ಉಳೀಲಿ."

ನಮ್ಮಲ್ಲಿ ಇದ್ದಷ್ಟು ದಿನವೂ ಆಯಿ ಬೆಳಿಗ್ಗೆ ಓಣಿಯಲ್ಲಿ ಬರುವ ದನಗಳ ಹಣೆ ಮುಟ್ಟಿ ಕೈ ಮುಗಿಯುತ್ತಿದ್ದಳು. ಮೊದಲೂ ಮುಗಿಯುತ್ತಿದ್ದಳು, ಆದರೆ ಈಗ ಬಹಳ ಹೊತ್ತು ನಿಲ್ಲುತ್ತಿದ್ದಳು.

ನಮ್ಮ ದೊಡ್ಡ ವೈರಿ ಬಿಸಿಲು. ಔಷಧ ತಂಪಿನಲ್ಲಿರಬೇಕು, ನಮ್ಮ ಕಡೆ ಬೇಸಿಗೆಯಲ್ಲಿ ಪರ್ಸಿ ಎಂಬ ಚಪ್ಪಡಿ ಕಲ್ಲಿನ ಗೋಡೆಗಳೇ ಸಂಜೆಯವರೆಗೆ ಕೈ ಸುಡುತ್ತಿದ್ದವು. ದೊಡ್ಡ ಗಡಿಗೆಯಲ್ಲಿ ಉಸುಕು ತುಂಬಿ, ನೀರು ಚಿಮುಕಿಸಿ, ಸಣ್ಣ ಕುಡಿಕೆಯೊಳಗೆ ಸೀಸೆ ಇಟ್ಟು ಹೂಳುತ್ತಿದ್ದೆವು. ಆದರೂ ಕೆಲವು ಸಲ ಔಷಧದ ಶಕ್ತಿ ಹೋಗಿಬಿಡುತ್ತಿತ್ತು. ನೋಡಲು ಅದೇ ಸೀಸೆ, ಅದೇ ನೀರಿನಂಥ ಔಷಧ. ದಿನವೂ ಚುಚ್ಚುತ್ತಿದ್ದೆವು, ಅವಳು ಮತ್ತೆ ನೀರು ಕೇಳುತ್ತಿದ್ದಳು. ಸ್ಪಿರಿಟ್ ದೀಪದ ಮೇಲೆ ನೀಲಿ ದ್ರಾವಣಕ್ಕೆ ಅವಳ ಮೂತ್ರ ಹಾಕಿ ಕಾಯಿಸಿದರೆ, ಸಕ್ಕರೆ ಏರಿದ ಗುರುತಾಗಿ, ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಹೊಸ ಸೀಸೆ ರೈಲಿನಲ್ಲಿ ಬರುವವರೆಗೆ ಏನೂ ಮಾಡಲು ಆಗುತ್ತಿರಲಿಲ್ಲ. ಅಪ್ಪ ಸ್ಟೇಷನ್ನಿಗೆ ಬಂದ ಪ್ರತಿಯೊಂದು ಗಾಡಿಯ ಗಾರ್ಡನ ಮುಖ ನೋಡುತ್ತಿದ್ದರು.

ಹೀಗೇ ಅವಳು ದೊಡ್ಡವಳಾದಳು. ಹೊಲಿಗೆ ಕಲಿತಳು, ಚೆನ್ನಾಗಿ ಹೊಲಿಯುತ್ತಿದ್ದಳು. ಹೆಣ್ಣು ನೋಡಲು ಬಂದವರಿಗೆ ಅಪ್ಪ ಸೂಜಿಯ ಸಂಗತಿ ಮುಚ್ಚಿಡಲಿಲ್ಲ. ಅವರು ಚಹಾ ಕುಡಿದು ಹೋದರು, ಮತ್ತೆ ಬರಲಿಲ್ಲ. ನನಗೆ ಸೇಡಂನಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ ಸಿಕ್ಕಿತು. ಅಪ್ಪ, ಅವ್ವ ತೀರಿಕೊಂಡ ಮೇಲೆ ತಂಗಿ ನನ್ನ ಮನೆಗೆ ಬಂದಳು. ಮದುವೆ ನಾನೂ ಮಾಡಿಕೊಂಡಿರಲಿಲ್ಲ, ಅದರ ಕಾರಣ ಅವಳು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಕೆಲವು ವರ್ಷಗಳಾಗಿದ್ದವು. ಒಂದು ಮಧ್ಯಾಹ್ನ ಅವಳು ಹೊಲಿಗೆ ಮಷೀನು ನಿಲ್ಲಿಸಿ ಕಣ್ಣು ಉಜ್ಜಿಕೊಂಡಳು.

"ಅಕ್ಕಾ, ಕಣ್ಣಾಗ ಕರೀ ದಾರ ತೇಲ್ಲಿಕತ್ತಾವ. ಹಿಡೀಲಿಕ್ಕೆ ಹೋದ್ರ ಆ ಕಡಿ ಹೋಗ್ತಾವ."

ನಿದ್ದೆಗೆಟ್ಟಿರಬೇಕು ಎಂದುಕೊಂಡೆವು. ಊರಿನ ಡಾಕ್ಟರು ಕಣ್ಣಿಗೆ ಹಾಕಲು ಹನಿ ಕೊಟ್ಟರು. ಕೆಲವು ತಿಂಗಳ ನಂತರ ಬಲಗಣ್ಣು ಪೂರ್ತಿ ಮಸುಕಾದಾಗ ಹೈದರಾಬಾದಿಗೆ ಹೊರಟೆವು. ಅಲ್ಲಿಯ ಕಣ್ಣಿನ ಡಾಕ್ಟರು ವಯಸ್ಸಾದವರು, ಸಮಾಧಾನದಿಂದ ಉರ್ದುವಿನಲ್ಲಿ ವಿವರಿಸಿದರು. ಇಷ್ಟು ವರ್ಷದ ಸಕ್ಕರೆಯಿಂದ ಕಣ್ಣಿನ ಹಿಂಭಾಗದಲ್ಲಿ ಸಣ್ಣ ರಕ್ತನಾಳಗಳು ಹುಟ್ಟಿ ಒಡೆದಿವೆ. ಅವನ್ನು ಸುಟ್ಟು ಮುಚ್ಚಲು ಈಗ ಲೇಸರ್ ಎಂಬ ಬೆಳಕನ್ನು ಕಂಡುಹಿಡಿದಿದ್ದಾರೆ. ಆ ಯಂತ್ರ ಪಕ್ಕದ ಕೋಣೆಯಲ್ಲೇ ಇತ್ತು, ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆದರೆ ಬಲಗಣ್ಣಿನಲ್ಲಿ ರಕ್ತ ತುಂಬಿಕೊಂಡಿದೆ, ಬೆಳಕು ಅದನ್ನು ದಾಟಿ ಹೋಗುವುದಿಲ್ಲ ಎಂದರು. ಎಡಗಣ್ಣಿಗೆ ಲೇಸರ್ ಹಾಕಿ ನೋಡಿದರು. ಕಣ್ಣಿನ ಒಳಗಿನ ಪರದೆ ಆಗಲೇ ಕಿತ್ತುಬರುತ್ತಿತ್ತು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಕಣ್ಣಿನೊಳಗಿನ ರಕ್ತವನ್ನು ಕತ್ತರಿಸಿ ಹೀರುವ ಸಾಧನವನ್ನೂ ಅಮೆರಿಕದಲ್ಲಿ ಕಂಡುಹಿಡಿದಿದ್ದಾರಂತೆ, ಅದು ಇನ್ನೂ ಇವರಲ್ಲಿಗೆ ಬಂದಿರಲಿಲ್ಲ.

ವಾಪಸು ಬರುವಾಗ ಗಾಡಿ ತಾಂಡೂರು ದಾಟಿದ ಮೇಲೆ ಅವಳು ಕೇಳಿದಳು.

"ಅಕ್ಕಾ, ಆ ಹೀರೋದು, ಅದೂ ನಮ್ಮ ಕಡಿ ಬರ್ತದಲ್ಲ?"

"ಬರ್ತದವ್ವಾ. ಎಲ್ಲಾ ಬರ್ತಾವ."

"ಹಂಗಂದ್ರ ಅಲ್ಲೀತನಕ ಇರಬೇಕು ನಾ."

ನಾನು ಅವಳ ಕೈ ಹಿಡಿದುಕೊಂಡೆ.

ಎಡಗಣ್ಣೂ ಹೋಯಿತು. ಹೊಲಿಗೆ ಮಷೀನನ್ನು ಓಣಿಯ ಒಬ್ಬ ಹೆಣ್ಣುಮಗಳಿಗೆ ಕೊಟ್ಟುಬಿಟ್ಟಳು. ನಾನು ಸಿರಿಂಜಿಗೆ ಔಷಧ ಎಳೆದುಕೊಟ್ಟರೆ ತಾನೇ ಚುಚ್ಚಿಕೊಳ್ಳುತ್ತಿದ್ದಳು, ಅದೊಂದನ್ನು ನನಗೆ ಬಿಟ್ಟುಕೊಡಲಿಲ್ಲ. ಶಾಲೆಯಲ್ಲಿ ನಾನು ಮಕ್ಕಳಿಗೆ ಹೊಸ ಶೋಧಗಳ ಪಾಠ ಹೇಳುತ್ತಿದ್ದೆ. ಅವನ್ನು ಕಂಡುಹಿಡಿದ ದೊಡ್ಡವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವಳ ವಯಸ್ಸೆಲ್ಲ ಅವರು ಕೊಟ್ಟದ್ದೇ. ಆದರೆ ಪಾಠ ಮುಗಿಸಿ ಮನೆಗೆ ಬರುವಾಗ ಸುತ್ತು ದಾರಿ ಹಿಡಿಯುತ್ತಿದ್ದೆ.

ಮುಂದೆ ಅವಳ ಪಾದಗಳು ಬಾತವು, ಮುಖ ಬಾತಿತು. ಮೂತ್ರಪಿಂಡಗಳು ಸೋತಿವೆ, ಮುಂಬಯಿಯಲ್ಲಿ ರಕ್ತ ತೊಳೆಯುವ ಯಂತ್ರ ಇದೆ, ವಾರಕ್ಕೆ ಎರಡು ಮೂರು ಸಲ ಅದಕ್ಕೆ ಹಚ್ಚಬೇಕು ಎಂದರು ಗುಲ್ಬರ್ಗಾದಲ್ಲಿ. ಮುಂಬಯಿಯಲ್ಲಿ ನಮಗೆ ಯಾರೂ ಇರಲಿಲ್ಲ. ಆದರೂ ಹೋಗೋಣ ಎಂದೆ.

"ಸಾಕಕ್ಕಾ," ಎಂದಳು. "ಭಾಳ ಆಯ್ತು ಮಷೀನು. ಮನ್ಯಾಗ ಇರ್ತೀನಿ."

ಎರಡನೆಯ ಸಲ ಕೇಳುವ ಧೈರ್ಯ ನನಗೆ ಬರಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಹೋದಳು.

ಮಣ್ಣು ಮಾಡಿ ಬಂದ ವಾರದಲ್ಲೇ ಗುಲ್ಬರ್ಗಾದ ಔಷಧ ಅಂಗಡಿಯವರು ಕಳಿಸಿದ ಡಬ್ಬಿ ಸ್ಟೇಷನ್ನಿನಿಂದ ಬಂತು. ಅವರಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಬರ್ಫದ ಗಡ್ಡೆ ಕರಗಿ ನೀರು ಸೋರುತ್ತಿತ್ತು, ಒಳಗೆ ಸೀಸೆ ಇನ್ನೂ ತಣ್ಣಗಿತ್ತು. ಬೇರೆ ಯಾರಿಗಾದರೂ ಆಗಲಿ ಎಂದು ಅದನ್ನು ತೆಗೆದುಕೊಂಡು ಓಣಿಯ ಡಾಕ್ಟರ ಹತ್ತಿರ ಹೋದೆ. ಅವರು ಸೀಸೆ ತಿರುಗಿಸಿ ನೋಡಿದರು.

"ಇದನ್ನ ಹಾಕ್ಕೊಳ್ಳೋರು ನನ್ನ ಕಡಿ ಸದ್ಯಾ ಯಾರೂ ಇಲ್ರಿ ಅಕ್ಕೋರೆ. ಯಾರರೆ ಬಂದ್ರ ಹೇಳಿ ಕಳಸ್ತೀನಿ. ಕೆಡದಂಗ ಇಟ್ಟಿರ್ರಿ."

ಮನೆಗೆ ತಂದು ಇಟ್ಟೆ. ಸೀಸೆಯ ಮೇಲಿನ ತಾರೀಖು ಮುಗಿಯುವವರೆಗೂ ಯಾರೂ ಬರಲಿಲ್ಲ.