ಫೇನ್ಯಾಳ ಕೈಯಲ್ಲಿ ತಿರುಗಿದ ಬಾಣ

ಸ್ಲೋಕನ್ ಕಣಿವೆಯಲ್ಲಿ ಶಾಲಾ ಬಸ್ಸು ಓಡಿಸುತ್ತಿದ್ದ ಫೇನ್ಯಾ ಕಾಲ್ಮಕಾಫ್ ದಾರಿ ತಪ್ಪಿದಳು ಅನ್ನುವ ಮಾತನ್ನೇ ಯಾರೂ ಕೇಳಿದ್ದಿಲ್ಲ. ಹಿಮ ಸುರಿದು ರಸ್ತೆ, ಹೊಳೆ, ಹೊಲ ಎಲ್ಲ ಒಂದೇ ಬಿಳುಪಾದ ದಿನವೂ ಅವಳ ಹಳದಿ ಬಸ್ಸು ಹೊತ್ತಿಗೆ ಸರಿಯಾಗಿ ತಿರುವಿನಲ್ಲಿ ಕಾಣಿಸುತ್ತಿತ್ತು. ಅಂಥವಳು ಫೆಬ್ರವರಿಯ ಒಂದು ಶನಿವಾರ, ಮನುಷ್ಯ ಹೂತುಹೋದ ಜಾಗ ಬಿಟ್ಟು ಯಾರೂ ಇಲ್ಲದ ಕಡೆ ಹಿಮ ತೋಡುತ್ತ ನಿಂತಿದ್ದಳು.

ಶನಿವಾರ ಅಂದರೆ ಆ ಮೂವರಿಗೆ ಬೆಟ್ಟದ ದಿನ. ಫೇನ್ಯಾ, ಅವಳ ಅಣ್ಣನ ಹೆಂಡತಿ ಮಾವ್ರಾ, ಮತ್ತೆ ಪಕ್ಕದ ಮನೆಯ ಲಾರ್ನ್ ಹಾಲ್ಡೇನ್. ಲಾರ್ನ್ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು ಬಿಟ್ಟವನು, ಹೆಂಡತಿ ಸತ್ತಮೇಲೆ ಈ ಅತ್ತಿಗೆ ನಾದಿನಿಯರ ಬೋರ್ಷ್ಟು ಸಾರಿಗೆ ಒಗ್ಗಿಕೊಂಡವನು. ಮಾಂಸ ಹಾಕದ ಸಾರೂ ಒಂದು ಸಾರಾ ಅಂತ ಬೈಯುತ್ತಲೇ ಎರಡು ಬಟ್ಟಲು ಕುಡಿಯುತ್ತಿದ್ದ. ಮೂವರೂ ಸ್ಕೀ ಕಟ್ಟಿಕೊಂಡು ಬೆಳಗ್ಗೆ ಹತ್ತುವುದು, ಮಧ್ಯಾಹ್ನಕ್ಕೆ ಜಾರಿಕೊಂಡು ಇಳಿಯುವುದು.

ಹತ್ತುವ ಮುಂಚೆ ಒಂದು ಶಾಸ್ತ್ರವಿದೆ, ಅದನ್ನು ಮಾಡದೆ ಆ ಕಣಿವೆಯ ಯಾರೂ ಕಾಲು ಮುಂದಿಡುವುದಿಲ್ಲ. ಪ್ರತಿಯೊಬ್ಬರ ಎದೆಗೂ ಬೀಕನ್ ಅನ್ನುವ ಪುಟ್ಟ ಯಂತ್ರ ಕಟ್ಟಿರುತ್ತದೆ, ಅದು ಒಳಗೊಳಗೇ ಕೂಗುತ್ತಿರುತ್ತದೆ. ಹಿಮ ಕುಸಿದು ಒಬ್ಬರು ಹೂತುಹೋದರೆ ಉಳಿದವರು ತಮ್ಮದನ್ನು ಕೂಗುವುದು ಬಿಡಿಸಿ ಹುಡುಕಲು ಹಚ್ಚಬೇಕು. ಆಗ ಅದು ಹೂತುಹೋದವರ ಕೂಗು ಕೇಳಿ ಬಾಣ ತೋರಿಸುತ್ತದೆ, ಎಷ್ಟು ದೂರ ಅಂತ ಅಂಕಿ ತೋರಿಸುತ್ತದೆ. ಹಾಗಾಗಿ ಹೊರಡುವಾಗ ಒಬ್ಬರು ನಿಂತು ಯಂತ್ರ ಹಿಡಿಯುವುದು, ಮಿಕ್ಕವರು ಒಬ್ಬೊಬ್ಬರಾಗಿ ಮುಂದೆ ಹಾದುಹೋಗುವುದು. ಅವತ್ತು ಹಿಡಿದು ನಿಂತವಳು ಫೇನ್ಯಾಳೇ. ಗುಂಡಿ ಒತ್ತಲು ಬೇಕಲ್ಲ ಅಂತ ಬರಿಗೈ ಮಾಡಿಕೊಂಡಿದ್ದಳು. ಮಾವ್ರಾ ಹಾದಾಗಲೂ ಲಾರ್ನ್ ಹಾದಾಗಲೂ ಯಂತ್ರ ನೆಟ್ಟಗೆ ನುಡಿಯಿತು. ತನ್ನದನ್ನು ಮತ್ತೆ ಕೂಗಲು ಬಿಟ್ಟು, ಕೈಗವಸು ಹಾಕಿಕೊಂಡು ಹೊರಟಳು.

ಇಳಿಯುವಾಗ ಫೇನ್ಯಾ ಮೊದಲು ಇಳಿದು ಕೆಳಗೆ ಫರ್ ಮರಗಳ ಹತ್ತಿರ ನಿಂತಿದ್ದಳು. ಲಾರ್ನ್ ಎರಡನೆಯವನು. ಅವನು ನಡುವಿಗೆ ಬರುವಷ್ಟರಲ್ಲಿ ಇಳಿಜಾರಿನ ಹಿಮ ಕಂಬಳಿ ಎಳೆದ ಹಾಗೆ ಜಾರಿತು. ದೊಡ್ಡದೇನಲ್ಲ. ಆದರೆ ಹಿಮದ ಹುಡಿ ಅಡಗಿ ನೋಡಿದರೆ ಲಾರ್ನ್ ಇಲ್ಲ.

ಫೇನ್ಯಾ ತನ್ನ ಯಂತ್ರವನ್ನು ಹುಡುಕಲು ಹಚ್ಚಿದಳು. ಬಾಣ ಎಡಕ್ಕೆ ತೋರಿಸಿತು, ಎಡಕ್ಕೆ ಓಡಿದಳು. ಬಲಕ್ಕೆ ತಿರುಗಿತು, ಬಲಕ್ಕೆ ಓಡಿದಳು. ಅಂಕಿ ದೊಡ್ಡದಾಯಿತು, ಚಿಕ್ಕದಾಯಿತು, ಅಳಿಸಿಹೋಯಿತು. ಸುಮ್ಮನೆ ನಿಂತರೂ ಬಾಣ ನಿಲ್ಲಲಿಲ್ಲ. ಒಮ್ಮೆ ಮರದ ಬುಡದ ಹತ್ತಿರ ತೀರ ಚಿಕ್ಕ ಅಂಕಿ ಬಂತು. ಸಿಕ್ಕಿದ ಅಂತ ಮಂಡಿಯೂರಿ ಸಲಿಕೆ ಹಾಕಿದಳು. ಇನ್ನೊಬ್ಬ ಯಾರೋ ಅಪರಿಚಿತನೂ ಇಲ್ಲೇ ಹೂತುಹೋಗಿದ್ದಾನೋ, ಯಂತ್ರ ಇಬ್ಬರ ಕೂಗನ್ನೂ ಕೇಳುತ್ತಿದೆಯೋ ಅಂತಲೂ ಅನ್ನಿಸಿತು. ಮೇಲಿಂದ ಮಾವ್ರಾ ತನ್ನ ಯಂತ್ರ ಹಿಡಿದು ನೂಲು ಎಳೆದ ಹಾಗೆ ನೆಟ್ಟಗೆ ಇಳಿದು ಬಂದಳು. ಫೇನ್ಯಾಳಿಂದ ಬಹಳ ಆಚೆ ನಿಂತು, ಹಿಮದೊಳಗೆ ಉದ್ದನೆಯ ಕಡ್ಡಿ ಚುಚ್ಚಿ ನೋಡಿ ಕೂಗಿದಳು.

“ಅಲ್ಲೇನೇ ಕೆರೀತಿದ್ದೀಯ? ಇಲ್ಲಿದ್ದಾನೆ, ಬಾ!”

ಇಬ್ಬರೂ ತೋಡಿದರು. ಲಾರ್ನ್‌ನ ಮುಖ ನೀಲಿಗಟ್ಟಿತ್ತು, ಉಸಿರಿತ್ತು. ಬದುಕಿದ.

ಅವನು ಬದುಕಿದ್ದೇ ಸಾಕಲ್ಲ ಅಂತ ಯಾರಾದರೂ ಅನ್ನಬಹುದು. ಫೇನ್ಯಾಳಿಗೆ ಸಾಕಾಗಲಿಲ್ಲ. ಯಂತ್ರ ಕೆಟ್ಟಿದೆ ಅಂತ ಅಂಗಡಿಗೆ ಒಯ್ದಳು. ಅವರು ಹಿಂದೆ ಮುಂದೆ ನೋಡಿ, ಏನೂ ಕೆಟ್ಟಿಲ್ಲಮ್ಮ, ಚಿನ್ನದಂಗಿದೆ ಅಂದರು. ಯಂತ್ರ ಸರಿ ಇದ್ದರೆ ಕೆಟ್ಟದ್ದು ಯಾವುದು? ಅವಳಿಗೆ ತಾಯಿ ಲೂಷಾಳ ಕೊನೆಯ ದಿನಗಳು ಕಣ್ಣಿಗೆ ಕಟ್ಟಿದವು. ಲೂಷಾ ಚಹಾಕ್ಕೆ ಉಪ್ಪು ಹಾಕುತ್ತಿದ್ದಳು, ಬೀಗದ ಕೈಯನ್ನು ಒಲೆಯ ಬೂದಿಯಲ್ಲಿ ಹುಡುಕುತ್ತಿದ್ದಳು, ಮಗಳನ್ನು ಹಿಡಿದು ನೀನು ಯಾರ ಮನೆಯವಳೆ ಅಂತ ಕೇಳುತ್ತಿದ್ದಳು. ಅದು ಸುರುವಾದದ್ದೂ ಹೀಗೇ, ಪರಿಚಯದ ಜಾಗದಲ್ಲಿ ಗಿರಗಿರ ತಿರುಗುವುದರಿಂದಲೇ.

ತಲೆ ಕೆಡುವುದಾದರೆ ಕೆಡಲಿ, ಬಸ್ಸಿನ ತುಂಬ ಊರಿನ ಮಕ್ಕಳಿದ್ದಾರಲ್ಲ. ಮುಂದಿನ ಸೋಮವಾರ ಬಸ್ಸಿನ ಕೀಲಿಕೈ ಕೊಟ್ಟುಬಿಡುತ್ತೇನೆ ಅಂತ ಅವಳು ಮಾವ್ರಾಗೆ ಹೇಳಿದಳು. ಮಾವ್ರಾ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಕೊಡೋದಾದರೆ ಕೊಡು, ಆದರೆ ಒಂದು ಸಲ ಪರೀಕ್ಷೆ ಮಾಡಿ ಕೊಡು ಅಂದಳು.

ಪರೀಕ್ಷೆ ನಡೆದದ್ದು ಭಾನುವಾರ, ಪ್ರಾರ್ಥನೆಯ ಹಾಡುಗಳೆಲ್ಲ ಮುಗಿದಮೇಲೆ, ಪ್ರಾರ್ಥನಾಮಂದಿರದ ಹಿಂದಿನ ಹೊಲದಲ್ಲಿ. ಲಾರ್ನ್ ಪಕ್ಕೆಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದ. ಅವನ ಯಂತ್ರವನ್ನು ಆಲೂಗಡ್ಡೆ ಚೀಲಕ್ಕೆ ಹಾಕಿ ಮಾವ್ರಾ ಎಲ್ಲೋ ಹಿಮದಲ್ಲಿ ಹೂತು ಬಂದಳು. ಫೇನ್ಯಾ ಬರಿಗೈಯಲ್ಲಿ ತನ್ನ ಯಂತ್ರ ಹಿಡಿದು ನಡೆದಳು. ಬಾಣ ನೆಟ್ಟಗೆ ಚೀಲದ ಮೇಲೇ ತಂದು ನಿಲ್ಲಿಸಿತು.

ಅವಳಿಗೆ ಸಂತೋಷವಾಗುವ ಬದಲು ಇನ್ನೂ ಹೆದರಿಕೆಯಾಯಿತು. ಇವತ್ತು ಸರಿ, ಅವತ್ತು ತಪ್ಪು. ಅಮ್ಮನೂ ಹಾಗೇ ಅಲ್ಲವೆ, ಒಂದು ದಿನ ಎಲ್ಲ ನೆನಪು, ಮರುದಿನ ಏನೂ ಇಲ್ಲ.

ಅವತ್ತು ಹಾಕಿದ್ದನ್ನೆಲ್ಲ ಹಾಕಿಕೊಂಡು ಹುಡುಕು ಅಂತ ಲಾರ್ನ್ ಅಂದ. ಟೋಪಿ ಹಾಕಿದಳು, ಅದೇ ಕೋಟು, ಅದೇ ಕೈಗವಸು. ಚೀಲವನ್ನು ಬೇರೆ ಕಡೆ ಹೂತರು. ಆಗಲೂ ಬಾಣ ಸರಿಯಾಗಿಯೇ ಹೋಯಿತು. ಚೀಲ ಇನ್ನು ನಾಲ್ಕು ಹೆಜ್ಜೆ ಇದೆ ಅನ್ನುವಾಗ ಗಾಳಿ ಬೀಸಿತು. ಫೇನ್ಯಾಳ ಬೆರಳು ಚಳಿಗೆ ಸುಣ್ಣದ ಹಾಗೆ ಬೆಳ್ಳಗಾಗುವ ಬೆರಳು. ಅಭ್ಯಾಸಬಲದಿಂದ ಕೈಗವಸಿನ ಮಣಿಕಟ್ಟಿನ ಗುಂಡಿ ಒತ್ತಿದಳು. ಅದು ಬ್ಯಾಟರಿಯಿಂದ ಬಿಸಿಯಾಗುವ ಕೈಗವಸು. ಕೆಂಪು ದೀಪ ಹೊತ್ತಿತು. ಎದುರಿಗಿದ್ದ ಚೀಲವನ್ನು ಬಿಟ್ಟು ಬಾಣ ಪ್ರಾರ್ಥನಾಮಂದಿರದ ಕಡೆ ತಿರುಗಿತು, ಅಲ್ಲಿಂದ ರಸ್ತೆಗೆ, ರಸ್ತೆಯಿಂದ ಮತ್ತೆ ಅವಳ ಹೊಟ್ಟೆಯ ಕಡೆಗೆ.

“ನೋಡಿ, ಬಂತು. ನನಗೆ ಬಂತು ಅದು,” ಅಂದಳು ಫೇನ್ಯಾ.

“ನಿನಗೇನೂ ಬಂದಿಲ್ಲ ಮಾರಾಯ್ತಿ. ಆ ಗುಂಡಿ ಆರಿಸು,” ಅಂದ ಲಾರ್ನ್.

ಆರಿಸಿದಳು. ಬಾಣ ಚೀಲಕ್ಕೆ ಮರಳಿತು. ಹೊತ್ತಿಸಿದಳು, ಮತ್ತೆ ಗಿರಗಿರ. ಮಾವ್ರಾ ತನ್ನ ಯಂತ್ರವನ್ನು ಆ ಕೈಗವಸಿನ ಪಕ್ಕ ಹಿಡಿದು ನೋಡಿದಳು, ಅದಕ್ಕೂ ಹುಚ್ಚು ಹಿಡಿಯಿತು. ಮೊಳದುದ್ದ ದೂರ ಹಿಡಿದರೆ ಸುಮಾರಾಗಿ ಸರಿ. ಯಂತ್ರ ಕೇಳಬೇಕಾದ್ದು ಹೂತುಹೋದವನ ಸಣ್ಣ ಕೂಗು. ಕಿವಿಯ ಪಕ್ಕದಲ್ಲೇ ಈ ಬ್ಯಾಟರಿ ಗಲಾಟೆ ಎಬ್ಬಿಸಿದರೆ ಪಾಪ ಅದಾದರೂ ಏನು ಕೇಳೀತು? ಹೊರಡುವಾಗ ಬರಿಗೈ, ಬೆಟ್ಟದ ಮೇಲೆ ಬಿಸಿ ಕೈಗವಸು. ಶಾಸ್ತ್ರವನ್ನೇನೋ ಸರಿಯಾಗಿ ಮಾಡಿದ್ದರು, ಅದು ಮುಗಿದಮೇಲೆ ಅವಳು ಕೈಗವಸಿನ ಗುಂಡಿ ಒತ್ತಿದ್ದಳು.

ಲಾರ್ನ್ ಹಿಮದ ಮೇಲೇ ಕೂತುಬಿಟ್ಟ. ಕ್ರಿಸ್ಮಸ್ಸಿಗೆ ಆ ಕೈಗವಸು ತಂದುಕೊಟ್ಟವನು ಅವನೇ. ಅವನು ಮಂಡಿ ಕೊಯ್ಸಿಕೊಂಡಾಗ ಫೇನ್ಯಾ ಆಸ್ಪತ್ರೆಗೆ ಓಡಾಡಿಸಿದ್ದಳು, ಅದಕ್ಕೆ. ನನ್ನ ಗೋರಿಗೆ ನಾನೇ ಉಡುಗೊರೆ ಕೊಟ್ಟೆನಲ್ಲ ಅಂತ ನಗಲು ಹೋದ, ಪಕ್ಕೆ ನೋವಾಗಿ ನಿಲ್ಲಿಸಿದ.

ಫೇನ್ಯಾ ಮಾತ್ರ ನಗಲಿಲ್ಲ. ಅವಳ ಗೊಂದಲ ಕಳೆಯುವ ಬದಲು ಬೇರೆ ದಾರಿ ಹಿಡಿದಿತ್ತು.

“ಅತ್ತಿಗೆ, ಅಮ್ಮನ ಹತ್ರಾನೂ ಪ್ರತಿಯೊಂದಕ್ಕೂ ಒಂದು ಕಾರಣ ಇರ್ತಿತ್ತು. ಉಪ್ಪಿನ ಡಬ್ಬ, ಸಕ್ಕರೆ ಡಬ್ಬ ಒಂದೇ ಥರ ಇದೆ ಅನ್ನೋಳು. ನಿಜವಾಗ್ಲೂ ಒಂದೇ ಥರ ಇತ್ತು.”

“ಇತ್ತು. ಅದಕ್ಕೇನೀಗ?”

“ಬಾಣ ತಿರುಗಿದ್ದು ಕೈಗವಸಿಂದ. ಸರಿ. ಅದನ್ನ ನಂಬಿ ಅಷ್ಟು ಹೊತ್ತು ತೋಡಿದ್ನಲ್ಲ, ತಲೆ ಎತ್ತಿ ನೋಡ್ಲಿಲ್ಲವಲ್ಲ, ಅದು ಯಾವುದರಿಂದ?”

ಹೆದರಿದವರು ಎಲ್ಲರೂ ಹಾಗೇ ಅಂತ ಲಾರ್ನ್ ಹೇಳಿದ. ಅದು ಸಮಾಧಾನದ ಮಾತೋ ನಿಜದ ಮಾತೋ ಫೇನ್ಯಾಳಿಗೆ ಗೊತ್ತಾಗಲಿಲ್ಲ. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ಕೀಲಿಕೈಯನ್ನು ಈಗಲೇ ಕೊಡುವುದಿಲ್ಲ, ಆದರೆ ಒಂದು ವಾರ ಅತ್ತಿಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಕಣ್ಣಿಡಬೇಕು. ಒಂದೇ ಒಂದು ತಿರುವು ತಪ್ಪಿದರೂ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು. ಕಚೇರಿಯವರನ್ನು ಕೇಳಿಕೊಂಡದ್ದಕ್ಕೆ ಅವರೂ ಹೂಂ ಅಂದರು.

ಮಾವ್ರಾ ಹೆಣಿಗೆ ಹಿಡಿದುಕೊಂಡು ಹೋದಳು. ಮಕ್ಕಳು, ನೀನು ಹೊಸ ಡ್ರೈವರಾ ಅಜ್ಜಿ ಅಂತ ಪೀಡಿಸಿದರು. ಅಲ್ಲ ಕಣ್ರೋ, ಪೊಲೀಸು ಅಂದಳು. ಸೋಮವಾರ ಏನೂ ಆಗಲಿಲ್ಲ, ಮಂಗಳವಾರವೂ ಇಲ್ಲ. ಬುಧವಾರ ದಟ್ಟವಾಗಿ ಹಿಮ ಬೀಳುತ್ತಿತ್ತು. ಹಳೆ ಮಿಲ್ಲಿನ ಹತ್ತಿರ ರಸ್ತೆ ಕವಲೊಡೆಯುವಲ್ಲಿ ಫೇನ್ಯಾ ಎಡಕ್ಕೆ ತಿರುಗಿಸಿದಳು. ಮಾವ್ರಾ ಹೆಣಿಗೆ ಬಿಟ್ಟು ಎದ್ದೇ ನಿಂತಳು.

“ತಪ್ಪಿದೆ ಕಣೇ. ಬಲಕ್ಕೆ ಹೋಗ್ಬೇಕಿತ್ತು.”

ಫೇನ್ಯಾ ಬಸ್ಸು ನಿಲ್ಲಿಸಿದಳು. ಕಿಟಕಿ ಒರೆಸಿ ಹೊರಗೆ ನೋಡಿದಳು. ಬೇಲಿ, ಅಂಚೆಪೆಟ್ಟಿಗೆ, ಆಚೆ ದೀಪ ಹಾಕಿದ್ದ ಅಡುಗೆಮನೆ. ಅಂಚೆಪೆಟ್ಟಿಗೆಯ ಪಕ್ಕ ಚೀಲ ಹೊತ್ತ ಒಂದು ಪುಟ್ಟ ಹುಡುಗಿ ಕಾಯುತ್ತಿದ್ದಳು.

“ಬಲಗಡೆ ಮನೆಯವರು ಹೋದ ವರ್ಷಾನೇ ಊರು ಬಿಟ್ರು, ಅತ್ತಿಗೆ. ಬುತ್ತಿ ಕಟ್ಟಿ ಕಳಿಸಿದ್ದು ನಾವಿಬ್ಬರೇ ಅಲ್ವಾ,” ಅಂದಳು.

ಮಾವ್ರಾ ಕೂತು, ಬಿಟ್ಟುಹೋದ ಹೆಣಿಗೆಯ ಕಣ್ಣು ಹುಡುಕತೊಡಗಿದಳು. ಫೇನ್ಯಾ ಬಾಗಿಲು ತೆಗೆದಳು. ಹುಡುಗಿ ಹತ್ತಿದಳು. ಬಸ್ಸು ಹೊರಟಿತು, ಗುರುವಾರವೂ ಹೊರಟಿತು, ಶುಕ್ರವಾರವೂ. ಆ ವಾರ ಮುಗಿದಮೇಲೂ ಫೇನ್ಯಾ ಅತ್ತಿಗೆಯನ್ನು ಮುಂದಿನ ಸೀಟಿನಿಂದ ಏಳಿಸಲಿಲ್ಲ. ಯಾರು ಯಾರ ಮೇಲೆ ಕಣ್ಣಿಟ್ಟಿದ್ದಾರೆ ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ.