ಹನ್ನೆರಡು ಗೆಡ್ಡೆಗಳ ಲಾಂಡ್ರಿಯಮ್ಮ

ಮೊದಲ ದಿನ ಕಣ್ಣಲ್ಲೇ ತೂಗಿ ನೋಡಿದಾಗ ಲಾಂಡ್ರಿಯಮ್ಮ ಲಾಭದ ಗಿರಾಕಿ ಎನಿಸಲಿಲ್ಲ. ವಯಸ್ಸು ಅರವತ್ತರ ಅಂಚು, ಸೋಪಿನ ನೀರಿಗೆ ಬಿಳಿಚಿದ ಬೆರಳು, ಸವೆದರೂ ಗೆರೆ ಮುರಿಯದ ಇಸ್ತ್ರಿ ಬಟ್ಟೆ. ಇಂಥವರು ಚೌಕಾಸಿ ಮಾಡುವುದಿಲ್ಲ, ಸುಮ್ಮನೆ ನಿಂತುಬಿಡುತ್ತಾರೆ. ಬೆಲೆಯೇ ನಾಚಿಕೊಂಡು ಇಳಿಯುತ್ತದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಹಾಸಿಗೆ ಬಟ್ಟೆಗಳ ಕಲೆ ತೆಗೆದವರು. ನನ್ನ ಬೀಜ-ಗೊಬ್ಬರದ ಅಂಗಡಿಗೆ ಬಂದದ್ದು ಹನ್ನೆರಡು ಲಿಲ್ಲಿ ಗೆಡ್ಡೆಗಳಿಗೆ ಗೊಬ್ಬರ ಕೇಳಿಕೊಂಡು.

ಆ ಗೆಡ್ಡೆಗಳು ಯಾವ ಅಂಗಡಿಯಲ್ಲೂ ಸಿಗುವಂಥವಲ್ಲ. ಅವರ ಅಕ್ಕ ಎರಡು ಜಾತಿಯ ಲಿಲ್ಲಿಗಳನ್ನು ತಾನೇ ಕೂಡಿಸಿ, ಬೀಜ ಕಟ್ಟಿಸಿ, ನಾಲ್ಕು ವರ್ಷ ಕಿಟಕಿಯ ಕುಂಡಗಳಲ್ಲಿ ಸಾಕಿದ್ದಳು. ಒಂದೂ ಇನ್ನೂ ಅರಳಿರಲಿಲ್ಲ. ಹೂವಿನ ಬಣ್ಣ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕನ ಕಣ್ಣು ಮಂಜಾಗುತ್ತ ಬಂತು. ದೃಷ್ಟಿ ಉಳಿಯುವುದು ಹೆಚ್ಚೆಂದರೆ ಆರು ತಿಂಗಳು ಎಂದಿದ್ದರು ಡಾಕ್ಟರು. ನೆಲಕ್ಕೆ ಹಾಕಿದರೆ ನಾಲ್ಕು ತಿಂಗಳಿಗೆ ಹೂ. ಅಕ್ಕ ಅದನ್ನೊಮ್ಮೆ ನೋಡಬೇಕು, ಲಾಂಡ್ರಿಯಮ್ಮನಿಗೆ ಬೇಕಿದ್ದದ್ದು ಅಷ್ಟೇ.

ನಾನು ಮೂಳೆಪುಡಿಯ ಪೊಟ್ಟಣ ಕೊಟ್ಟೆ. "ಗುಂಡಿಗೊಂದು ಹಿಡಿ ಹಾಕಿ. ಹೂವು ತಟ್ಟೆಯಷ್ಟು ಬರುತ್ತೆ."

ಮೂರನೆಯ ದಿನ ಬೆಳಿಗ್ಗೆ ಬಂದರು. "ಅಣ್ಣ, ಅಳಿಲು ಮೂರು ಗೆಡ್ಡೆ ಎತ್ಕೊಂಡು ಹೋಯ್ತು."

"ಬಾಡಿಗೆ ಇಲ್ದೆ ತೋಟದಲ್ಲಿರೋರು ಅವರೇ ಅಮ್ಮ. ಈಗ ಊಟಾನೂ ನಿಮ್ದೇ ಆಯ್ತು."

"ನಗಬೇಡಿ. ಇನ್ನು ಒಂಬತ್ತೇ ಇರೋದು."

ಖಾರದ ಪುಡಿ ಎರಚಿ ಎಂದೆ. ಒಂದೇ ಮಳೆಗೆ ತೊಳೆದುಹೋಯಿತು. ಅಳಿಲು ಬಿಟ್ಟದ್ದನ್ನು ಹೆಗ್ಗಣ ಅಡಿಯಿಂದ ತೋಡಿತು. ಅವರು ಹಿತ್ತಲಲ್ಲಿ ಕುರ್ಚಿ ಹಾಕಿ ಕೂತರು, ಬಕೆಟ್ಟು ಬಡಿದರು, ಪಕ್ಕದ ಮನೆಯವರ ಕೈಲಿ ಬೈಸಿಕೊಂಡರು. ಒಂಬತ್ತು ಐದಾಯಿತು, ಐದು ಎರಡಾಯಿತು. ಪ್ರತಿ ಸಲವೂ ಉಳಿದ ಗೆಡ್ಡೆಗಳಿಗೆ ಇನ್ನೊಂದು ಹಿಡಿ ಮೂಳೆಪುಡಿ ಬೀಳುತ್ತಿತ್ತು. "ಹೆದರಿದ ಮಕ್ಳಿಗೆ ಒಂದು ಲೋಟ ಹಾಲು ಜಾಸ್ತಿ ಕೊಡಲ್ವಾ?" ಎನ್ನುತ್ತಿದ್ದರು. ನಾನೂ ಖುಷಿಯಿಂದಲೇ ಎರಡನೆಯ, ಮೂರನೆಯ ಪೊಟ್ಟಣ ಕಟ್ಟಿಕೊಟ್ಟೆ.

ಒಂದೇ ಒಂದು ಉಳಿದ ದಿನ ಅವರು ಹರಿದ ಪೊಟ್ಟಣವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮೊಳಕೆ ಕಚ್ಚಿಸಿಕೊಂಡ ಕೊನೆಯ ಗೆಡ್ಡೆ ಕರವಸ್ತ್ರದಲ್ಲಿತ್ತು.

"ಪಕ್ಕದಲ್ಲೇ ಜೋಳದ ಚೀಲ ಇತ್ತಣ್ಣ, ಅದನ್ನ ಮುಟ್ಟಿಲ್ಲ. ಇದನ್ಯಾಕೆ ಹರಿದು ಹಾಕಿವೆ?"

ಆಗ ನನಗೆ ಹೊಳೆಯಿತು. ಮೂಳೆಯ ವಾಸನೆಗೆ ಅವು ಗುಂಡಿ ಹುಡುಕಿಕೊಂಡು ಬರುತ್ತಿದ್ದವು. ನಾಲಿಗೆ ಮಾತ್ರ ವ್ಯಾಪಾರ ಬಿಡಲಿಲ್ಲ. "ಇಲಿ ಹಲ್ಲಿಗೆ ಸದಾ ತುರಿಕೆ ಅಮ್ಮ. ಪುಡಿ ಸಾಕು ಈಗ, ಹಾಕಬೇಡಿ. ಜಾಲರಿ ಕೊಡ್ತೀನಿ," ಎಂದೆ.

ಬರೀ ಜಾಲರಿಯನ್ನು ಅವರು ನಂಬಲಿಲ್ಲ. ಆಸ್ಪತ್ರೆಯ ಗುಜರಿಯಲ್ಲಿ ಬಿದ್ದಿದ್ದ ಹಳೆಯ ವಾಷಿಂಗ್ ಮೆಷಿನ್ನಿನ ಡ್ರಮ್ಮನ್ನು ನಾಲ್ಕು ಬೀದಿ ಉರುಳಿಸಿಕೊಂಡು ಬಂದರು. ಸುತ್ತ ತೂತುಗಳಿರುವ ಸ್ಟೀಲು. ನೀರು ಇಳಿಯುತ್ತದೆ, ಹಲ್ಲು ಇಳಿಯುವುದಿಲ್ಲ. ಅದನ್ನು ಕುತ್ತಿಗೆವರೆಗೆ ಹೂತು, ಹೊಸ ಮಣ್ಣು ತುಂಬಿ, ಗೆಡ್ಡೆ ಇಟ್ಟು, ಬಾಯಿಗೆ ಜಾಲರಿ ಬಿಗಿದರು.

ಅಕ್ಕ ಗೋಡೆ ಹಿಡಿದು ಬಂದು ತಡವಿ ನೋಡಿದಳು. "ಏನೇ ಇದು, ಗೆಡ್ಡೆಗೆ ಜೈಲಾ?"

"ಜೈಲಲ್ಲಕ್ಕ, ಆಸ್ಪತ್ರೆ. ಅಡ್ಮಿಟ್ ಮಾಡಿದ್ದೀನಿ."

"ಬೇಗ ಡಿಸ್ಚಾರ್ಜ್ ಮಾಡ್ಸೇ. ನಂಗೆ ಟೈಮಿಲ್ಲ."

ಗಾಯಗೊಂಡ ಗೆಡ್ಡೆ ಎರಡು ತಿಂಗಳು ಮಿಸುಕಲಿಲ್ಲ. ಲಾಂಡ್ರಿಯಮ್ಮ ದಿನವೂ ಮೊಣಕಾಲೂರಿ ಜಾಲರಿಗೆ ಹಣೆ ಒತ್ತಿ ಮಣ್ಣನ್ನೇ ನೋಡುತ್ತಿದ್ದರು. ಕೊನೆಗೆ ಮೊಳಕೆ ಬಂತು, ಕಾಂಡ ಬಂತು, ಮೊಗ್ಗು ಬಂತು. ಅರಳಿದ್ದು ಎಂಟನೆಯ ತಿಂಗಳಲ್ಲಿ. ಆ ಹೊತ್ತಿಗೆ ಅಕ್ಕನಿಗೆ ಕಿಟಕಿ ಯಾವುದು, ಗೋಡೆ ಯಾವುದು ಎಂದು ತಿಳಿಯುವಷ್ಟು ಮಾತ್ರ ಬೆಳಕು ಉಳಿದಿತ್ತು.

"ಬಣ್ಣ ಹೇಳೇ," ಎಂದಳು ಅಕ್ಕ, ಹೂವಿಗೆ ಮೂಗು ತಾಗಿಸಿ.

"ಅಯೋಡಿನ್ ಕಲೆ ಇರುತ್ತಲ್ಲಕ್ಕ, ಒಂದ್ಸಲ ಒಗೆದ ಮೇಲೆ ಉಳಿಯೋದು... ಆ ಬಣ್ಣ."

"ಅಷ್ಟು ಕೆಟ್ಟದಾಗಿದೆಯಾ?"

"ಇಲ್ಲಕ್ಕ, ತುಂಬ ಚೆನ್ನಾಗಿದೆ," ಎಂದ ಲಾಂಡ್ರಿಯಮ್ಮ ಅಕ್ಕನ ಬೆರಳನ್ನು ಎಸಳಿಗೆ ಮುಟ್ಟಿಸಿದರು.

ಇದೆಲ್ಲವನ್ನೂ ಅವರೇ ಅಂಗಡಿಗೆ ಬಂದು ಹೇಳಿದರು. ಜಾಲರಿ ಕೊಟ್ಟದ್ದಕ್ಕೆ ನನಗೆ ಕೈಮುಗಿದರು. ಹನ್ನೊಂದು ಗೆಡ್ಡೆಗಳನ್ನೂ ಅವರ ಅಕ್ಕನಿಗೆ ಕಣ್ಣಿದ್ದ ಆ ತಿಂಗಳುಗಳನ್ನೂ ತಿಂದದ್ದು ನಾನು ಕೊಟ್ಟ ಪುಡಿ. ಅದನ್ನು ಅವರೆದುರು ಒಪ್ಪಿಕೊಳ್ಳುವುದು ನನ್ನಿಂದ ಇನ್ನೂ ಬಾಕಿ ಇದೆ.