ಗೆರೆ ಹಿಡಿದು ಹೋದ ಬಿರುಕು

ನನ್ನ ಪಿಎಚ್.ಡಿ. ಗೈಡ್ ಮಹಾಶಯರು ಮೂಳೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಂದು ಮೂಳೆಯನ್ನೂ ಕೈಯಲ್ಲಿ ಮುಟ್ಟಿದವರಲ್ಲ. ನಮ್ಮ ಕೆಲಸವೂ ಹಾಗೇ ಇತ್ತು. ಮೂಳೆಯಂತೆ ಗಟ್ಟಿ ಪದರ, ಮೆದು ಅಂಟು ಸೇರಿದ ವಸ್ತುವೊಂದನ್ನು ಕಂಪ್ಯೂಟರಿನಲ್ಲೇ ಕಟ್ಟಿ, ಅಲ್ಲೇ ಎಳೆದು ಮುರಿಯುವುದು. ಮೂಳೆಯಲ್ಲಿ ಬಿರುಕು ಸೀದಾ ಹೋಗುವುದಿಲ್ಲ. ಮೆದು ಅಂಟು ಸಿಕ್ಕಲ್ಲಿ ಅಡ್ಡ ತಿರುಗಿ ಸುಸ್ತಾಗುತ್ತದೆ. ನಮ್ಮ ವಸ್ತುವಿನಲ್ಲೂ ಬಿರುಕು ಹಾಗೆ ತಿರುಗಿದರೆ ನನಗೆ ಪಿಎಚ್.ಡಿ.

ತಿರುಗಿತು. ಓರೆಯಾಗಿ ಹೊರಟ ಬಿರುಕು ಪರದೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿತು.

"ನೋಡ್ರೀ, ಪ್ರಕೃತಿ ಕಣ್ರೀ ಇದು!" ಎಂದು ಗೈಡ್ ಕುರ್ಚಿಯಿಂದ ಎದ್ದೇಬಿಟ್ಟರು. ಆ ಚಿತ್ರಕ್ಕೆ ಬಣ್ಣ ತುಂಬಿಸಿ, ದೇವರಾಜ ಮೊಹಲ್ಲಾದ ಅಂಗಡಿಯಲ್ಲಿ ಫ್ರೇಮ್ ಹಾಕಿಸಿ, ತಮ್ಮ ಕೋಣೆಯಲ್ಲಿ ದೇವರ ಪಟದ ಪಕ್ಕ ತೂಗುಹಾಕಿದರು. ಬೆಳಗಿನ ಗಂಧದಕಡ್ಡಿ ಎರಡಕ್ಕೂ ಸೇರಿ ಒಂದೇ.

ನನಗೋ ಅನುಮಾನ. ಲೆಕ್ಕ ಮಾಡಲು ವಸ್ತುವನ್ನು ಸಣ್ಣ ಚೌಕಗಳ ಬಲೆಯಾಗಿ ವಿಂಗಡಿಸುತ್ತೇವೆ, ಅದೇ ಮೆಶ್. ನಮ್ಮ ಪ್ರೋಗ್ರಾಮಿನಲ್ಲಿ ಬಿರುಕು ಚೌಕಗಳ ಅಂಚು ಬಿಟ್ಟು ಹೋಗಲಾರದು. ಒಂದು ಮಧ್ಯಾಹ್ನ ಆ ಬಲೆಯನ್ನು ಓರೆಗೆ ತಿರುಗಿಸಿ ಮತ್ತೆ ಓಡಿಸಿದೆ. ಬಿರುಕು ಅಂಟಿಗೆ ಕ್ಯಾರೇ ಅನ್ನದೆ ಸೀದಾ ಸೀಳಿಕೊಂಡು ಹೋಯಿತು. ಮೆಟ್ಟಿಲು ನಾವೇ ಎಳೆದ ಗೆರೆಗಳದ್ದು, ಮೂಳೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಗೈಡ್‌ಗೆ ತೋರಿಸಿದೆ. ಅವರು ಪಟದ ಕಡೆ ನೋಡಿ, "ಇದನ್ಯಾಕ್ರೀ ಮಾಡಕ್ಕೆ ಹೋದ್ರಿ? ಬುಟ್ಬುಡಿ ಅತ್ಲಾಗೆ," ಅಂದರು.

ಆ ಮನುಷ್ಯನ ಮೇಲೆ ನನಗೆ ಅಸಹ್ಯವೇ ಹುಟ್ಟಿತು. ಹೂಟಗಳ್ಳಿಯ ಬಸ್ಸಿನಲ್ಲಿ ಮನೆ ತಲುಪುವವರೆಗೂ ಅವರ ಮುಖಕ್ಕೆ ಹೊಡೆದಂತೆ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದೆ.

ಪಿಎಚ್.ಡಿ.ಯ ಕೊನೆಯ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಉಪ್ಪಿಟ್ಟು, ಕಾಫಿ ಮುಗಿಸಿ, ಅಷ್ಟೂ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಸರಿಯಾಗಿ ಕೇಳಿದರು. "ಮೆಶ್ ತಿರುಗಿಸಿ ನೋಡಿದ್ದೀರೇನ್ರೀ?"

ಗೈಡ್ ತಲೆ ತಗ್ಗಿಸಿದರು. ಬಾಯಿಪಾಠ ಮಾಡಿದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು.

"ನೋಡಿದ್ದೀನಿ ಸಾರ್," ಅಂದೆ.

"ಗುಡ್," ಎಂದು ಪರೀಕ್ಷಕರು ಪುಟ ತಿರುಗಿಸಿದರು. ಏನು ಕಂಡಿತು ಎಂದು ಅವರು ಕೇಳಲಿಲ್ಲ. ನಾನಾಗಿ ಹೇಳಲಿಲ್ಲ.

ಈಗ ನಾನೂ ಗೈಡ್. ಆ ಪಟದ ಕಥೆ ಹೇಳಿ ಸಿಕ್ಕವರನ್ನೆಲ್ಲ ನಗಿಸುತ್ತೇನೆ. ಗಂಧದಕಡ್ಡಿಯವರೆಗೆ ಬಂದು ನಿಲ್ಲಿಸಿಬಿಡುತ್ತೇನೆ.